ಪ್ರಶ್ನೋತ್ತರ: ಬಂದೂಕಿನ ಟ್ರಿಗರ್ ಪೇಟೆಂಟ್ ದಾವೆಗಳು

ನಿರ್ವಾಹಕರು:
ಯಂತ್ರ ವಿನ್ಯಾಸ ಮತ್ತು ಪೇಟೆಂಟ್ ಕಾನೂನಿನ ನಮ್ಮ ಗುಂಪಿನ ಈ ಬಾರಿಯ ಪ್ರಶ್ನೋತ್ತರಕ್ಕೆ ಸ್ವಾಗತ. ಅಮೆರಿಕದ ರೇರ್ ಬ್ರೀಡ್ ಟ್ರಿಗರ್ಸ್ ಸಂಸ್ಥೆಯು ಇತರ ಟ್ರಿಗರ್ ತಯಾರಕರ ಮೇಲೆ ಸಾಲುಸಾಲಾಗಿ ಹೂಡುತ್ತಿರುವ ದಾವೆಗಳ ಸುದ್ದಿಯನ್ನು ಹಲವರು ಇಲ್ಲಿ ಹಂಚಿಕೊಂಡಿದ್ದರಿಂದ ಅದನ್ನೇ ವಿಷಯವಾಗಿ ಆರಿಸಿದ್ದೇವೆ. ಉತ್ತರಿಸುವವರು ಬೆಂಗಳೂರಿನ ಪೇಟೆಂಟ್ ಏಜೆಂಟ್ ವಿಜಯಲಕ್ಷ್ಮಿ ಅವರು. ಅಮೆರಿಕದ ವಕೀಲರ ಕಚೇರಿಗಳಿಗೆ ಯಂತ್ರಭಾಗಗಳ ಕ್ಲೇಮ್ ಚಾರ್ಟ್ (ಪೇಟೆಂಟ್‌ನ ಹಕ್ಕಿನ ಮಾತುಗಳನ್ನು ವಸ್ತುವಿನ ಭಾಗಗಳ ಜೊತೆ ಹೋಲಿಸುವ ಪಟ್ಟಿ) ಸಿದ್ಧಪಡಿಸಿಕೊಡುವುದು ಅವರ ವೃತ್ತಿ. ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ.

ಗುರುಪ್ರಸಾದ್, ಡಲ್ಲಾಸ್:
ನಮಸ್ಕಾರ ಮೇಡಂ. ನಾನಿರುವ ಟೆಕ್ಸಾಸ್‌ನಲ್ಲಿ ಈ ವಿಷಯ ದಿನವೂ ಕಿವಿಗೆ ಬೀಳುತ್ತದೆ. ಅಂಗೈಯಲ್ಲಿ ಹಿಡಿಸುವ ಒಂದು ಟ್ರಿಗರ್‌ಗಾಗಿ ಇಷ್ಟೊಂದು ದಾವೆಗಳು ಏಕೆ? ಇದರಲ್ಲಿ ಪೇಟೆಂಟ್ ಮಾಡುವಂಥ ಹೊಸತನ ನಿಜವಾಗಿಯೂ ಏನಿದೆ?

ವಿಜಯಲಕ್ಷ್ಮಿ:
ನಮಸ್ಕಾರ. ಮೊದಲೇ ಒಂದು ಮಾತು. ನಾನು ಅಮೆರಿಕದ ನ್ಯಾಯಾಲಯದಲ್ಲಿ ವಾದಿಸುವ ವಕೀಲೆಯಲ್ಲ. ಇಲ್ಲಿ ಬರೆಯುವುದು ತಿಳಿವಳಿಕೆಗಾಗಿ; ಸ್ವಂತ ಪ್ರಕರಣವಿದ್ದವರು ಅಲ್ಲಿನ ವಕೀಲರನ್ನೇ ಕಾಣಬೇಕು.

ಸಾಮಾನ್ಯ ಅರೆಸ್ವಯಂಚಾಲಿತ ರೈಫಲ್‌ನಲ್ಲಿ ಒಂದು ಗುಂಡು ಹಾರಿದ ಮೇಲೆ ಬೆರಳನ್ನು ಸಡಿಲಿಸಿ, ಟ್ರಿಗರ್ ಮುಂದಕ್ಕೆ ಬರಲು ಬಿಟ್ಟು, ಆಮೇಲೆ ಮತ್ತೆ ಎಳೆಯಬೇಕು. ರೇರ್ ಬ್ರೀಡ್ 2020ರ ಡಿಸೆಂಬರ್‌ನಲ್ಲಿ ಮಾರಾಟಕ್ಕಿಟ್ಟ ಎಫ್‌ಆರ್‌ಟಿ-15 ಎಂಬ ಟ್ರಿಗರ್‌ನಲ್ಲಿ ಆ ಮುಂದಕ್ಕೆ ತಳ್ಳುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಬೆರಳಿನ ಒತ್ತಡ ಹಾಗೆಯೇ ಇದ್ದರೂ ಟ್ರಿಗರ್ ಬಲವಂತವಾಗಿ ಮುಂದಿನ, ಅಂದರೆ ಎಳೆಯುವ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ಗುಂಡನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಎಂಬ ಭಾಗ ಪೂರ್ತಿ ಮುಚ್ಚಿಕೊಂಡ ನಂತರವೇ ಮತ್ತೆ ಎಳೆಯಲು ಅವಕಾಶವಾಗುತ್ತದೆ. ಗುಂಡುಗಳು ಬಹಳ ವೇಗವಾಗಿ ಒಂದರ ಹಿಂದೊಂದು ಹಾರುತ್ತವೆ, ಆದರೆ ಪ್ರತಿ ಗುಂಡಿಗೂ ಟ್ರಿಗರ್ ಒಮ್ಮೆ ಹೋಗಿ ಬರುತ್ತದೆ. ಇದಕ್ಕೆ ಆಧಾರವಾದ ಪೇಟೆಂಟ್ ಸಂಖ್ಯೆ 10,514,223. ಮಂಜೂರಾದದ್ದು 2019ರ ಡಿಸೆಂಬರ್ 24ರಂದು. ಪೇಟೆಂಟ್‌ನ ಒಡೆತನ ಎಬಿಸಿ ಐಪಿ ಎಂಬ ಸಂಸ್ಥೆಯದು, ರೇರ್ ಬ್ರೀಡ್‌ನದು ಅದರ ಪರವಾನಗಿ.

ಹೊಸತನ ಎಲ್ಲಿದೆ ಎಂದು ತಿಳಿಯಲು ಚಿತ್ರ ನೋಡಬೇಡಿ, ಕ್ಲೇಮ್ ಓದಿ, ಅಂದರೆ ಯಾವ ಅಂಶಗಳ ಮೇಲೆ ಹಕ್ಕು ಕೇಳಲಾಗಿದೆ ಎಂದು ಪೇಟೆಂಟ್‌ನಲ್ಲಿ ಹೇಳುವ ವಾಕ್ಯಗಳನ್ನು. ದಾವೆಗಳಲ್ಲಿ ಮುಂದಿಟ್ಟ ನಾಲ್ಕನೆಯ ಕ್ಲೇಮ್‌ನಲ್ಲಿ ಪಿನ್ನುಗಳಿಗೆ ರಂಧ್ರಗಳಿರುವ ಒಂದು ಹೌಸಿಂಗ್, ಅಂದರೆ ಹೊರಪೆಟ್ಟಿಗೆ ಇದೆ, ಅದರೊಳಗೆ ಗುಂಡು ಸಿಡಿಸಲು ಬಡಿಯುವ, ತಿರುಗುವ ಹ್ಯಾಮರ್ ಇದೆ, ಟ್ರಿಗರ್ ಇದೆ. ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಸರಿಯುವ ಬೋಲ್ಟ್ ಕ್ಯಾರಿಯರ್ ಹಿಂದಕ್ಕೆ ಸರಿದಾಗ ಹ್ಯಾಮರ್ ಬಂದು ತಾಗುವ ಒಂದು ಮೇಲ್ಮೈ ಟ್ರಿಗರ್‌ನ ಮೇಲಿದೆ. ಆ ತಾಗುವಿಕೆಯಿಂದಲೇ ಟ್ರಿಗರ್ ಮೊದಲಿನ ಸ್ಥಾನಕ್ಕೆ ತಳ್ಳಲ್ಪಡುತ್ತದೆ. ಕೊನೆಗೆ ಸ್ಪ್ರಿಂಗಿನ ಬಲದಿಂದ ಟ್ರಿಗರನ್ನು ತಡೆದು ನಿಲ್ಲಿಸುವ, ಬೋಲ್ಟ್ ಕ್ಯಾರಿಯರ್ ಬಹುತೇಕ ಮುಚ್ಚುವ ಹಂತಕ್ಕೆ ಬಂದು ತಾಗಿದಾಗ ಮಾತ್ರ ಪಕ್ಕಕ್ಕೆ ಸರಿಯುವ ಲಾಕಿಂಗ್ ಬಾರ್ ಇದೆ. ಬಿಡಿಬಿಡಿಯಾಗಿ ಇವುಗಳಲ್ಲಿ ಹಲವು ಹಳೆಯವೇ. ಇವೆಲ್ಲ ಈ ಸಂಬಂಧದಲ್ಲಿ ಒಟ್ಟಿಗೆ ಇರುವುದನ್ನು ಪೇಟೆಂಟ್ ಕಚೇರಿ ಹೊಸದೆಂದು ಒಪ್ಪಿತು.

ನಾಗರಾಜ್, ಹುಬ್ಬಳ್ಳಿ:
ಮೇಡಂ, ನಮ್ಮ ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ: "ಪೇಟೆಂಟ್ ಆದ ಯಾವುದೇ ವಸ್ತುವಿನ ವಿನ್ಯಾಸವನ್ನು ಶೇಕಡಾ 30ರಷ್ಟು ಬದಲಾಯಿಸಿದರೆ ಅದು ನಿಮ್ಮದೇ ಆಗುತ್ತದೆ, ಯಾರೂ ದಾವೆ ಹೂಡುವಂತಿಲ್ಲ. ಎಲ್ಲ ಉದ್ಯಮಿಗಳಿಗೂ ತಲುಪಿಸಿ." ಟ್ರಿಗರ್‌ಗೂ ಇದು ಅನ್ವಯಿಸುತ್ತದೆಯೇ?

ವಿಜಯಲಕ್ಷ್ಮಿ:
ಯಾವುದಕ್ಕೂ ಅನ್ವಯಿಸುವುದಿಲ್ಲ. ಅಮೆರಿಕದಲ್ಲಾಗಲಿ ಭಾರತದಲ್ಲಾಗಲಿ ಅಂಥ ನಿಯಮವಿಲ್ಲ. ಒಂದು ಕ್ಲೇಮ್‌ನಲ್ಲಿ ಹೇಳಿದ ಎಲ್ಲ ಅಂಶಗಳೂ ನಿಮ್ಮ ವಸ್ತುವಿನಲ್ಲಿದ್ದರೆ, ಅದರ ಮೇಲೆ ನೀವು ಇನ್ನೂ ಹತ್ತು ಭಾಗಗಳನ್ನು ಸೇರಿಸಿದರೂ ಉಲ್ಲಂಘನೆಯೇ. ಒಂದೇ ಒಂದು ಅಂಶ ನಿಜವಾಗಿಯೂ ಇಲ್ಲದಿದ್ದರೆ, ಉಳಿದ ವಸ್ತು ಕಣ್ಣಿಗೆ ತದ್ರೂಪವಾಗಿ ಕಂಡರೂ ಆ ಕ್ಲೇಮ್‌ನ ಅಕ್ಷರಶಃ ಉಲ್ಲಂಘನೆಯಾಗುವುದಿಲ್ಲ. ಅಂಶದ ಬದಲು ಅದಕ್ಕೆ ಸಮಾನವಾದದ್ದನ್ನು ಕೂರಿಸಿದರೆ ಅದನ್ನೂ ಉಲ್ಲಂಘನೆ ಎನ್ನಬಹುದು. ಆದರೆ ಆ ಸಮಾನತೆಯನ್ನು ಒಂದೊಂದು ಅಂಶಕ್ಕೂ ಪ್ರತ್ಯೇಕವಾಗಿ ನೋಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ ವಾರ್ನರ್-ಜೆಂಕಿನ್ಸನ್ ಪ್ರಕರಣದಲ್ಲಿ ಹೇಳಿದೆ. ಶೇಕಡಾವಾರು ಲೆಕ್ಕ ಎಲ್ಲಿಯೂ ಬರುವುದಿಲ್ಲ. ಈ ಸಂದೇಶವನ್ನು ನಂಬಿ ಅಚ್ಚು ಮಾಡಿಸಿ, ಯಂತ್ರ ಹಾಕಿ, ಆಮೇಲೆ ನೋಟಿಸ್ ಹಿಡಿದು ಬಂದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ.

ಶಶಿಕಲಾ, ಮೈಸೂರು:
ನಾನು ಕಾನೂನು ವಿದ್ಯಾರ್ಥಿನಿ. ಎಫ್‌ಆರ್‌ಟಿ-15 ಒಂದು ಮಷಿನ್ ಗನ್ ಎಂದು ಬಂದೂಕುಗಳ ಮೇಲೆ ನಿಗಾ ಇಡುವ ಅಮೆರಿಕದ ಎಟಿಎಫ್ ಇಲಾಖೆಯೇ ಹೇಳಿತ್ತು ಎಂದು ಓದಿದೆ. ಸರ್ಕಾರ ಕಾನೂನುಬಾಹಿರ ಎಂದ ವಸ್ತುವಿನ ಪೇಟೆಂಟನ್ನು ನ್ಯಾಯಾಲಯ ಹೇಗೆ ರಕ್ಷಿಸುತ್ತದೆ?

ವಿಜಯಲಕ್ಷ್ಮಿ:
ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದೇ.

ಪೇಟೆಂಟ್ ಎಂಬುದು ತಯಾರಿಸುವ ಅನುಮತಿಯಲ್ಲ, ಬೇರೆಯವರು ತಯಾರಿಸದಂತೆ ತಡೆಯುವ ಹಕ್ಕು. ಆದ್ದರಿಂದ ವಸ್ತುವನ್ನು ಮಾರಬಹುದೇ ಎಂಬುದನ್ನು ಒಂದು ಕಾನೂನು, ಬೇರೆಯವರು ಅದನ್ನು ನಕಲು ಮಾಡಬಹುದೇ ಎಂಬುದನ್ನು ಇನ್ನೊಂದು ಕಾನೂನು ತೀರ್ಮಾನಿಸುತ್ತದೆ. ಈ ಪ್ರಕರಣದಲ್ಲಿ ಅವೆರಡೂ ಒಂದೇ ಕಾಲದಲ್ಲಿ ಎರಡು ದಿಕ್ಕಿಗೆ ನಡೆದವು. 2021ರ ಜುಲೈಯಲ್ಲಿ ಎಟಿಎಫ್ ರೇರ್ ಬ್ರೀಡ್‌ಗೆ ಪತ್ರ ಬರೆದು ಮಾರಾಟ ನಿಲ್ಲಿಸುವಂತೆ ಹೇಳಿತು. ಅದೇ ವರ್ಷ ರೇರ್ ಬ್ರೀಡ್, ವೈಡ್ ಓಪನ್ ಟ್ರಿಗರ್ ಎಂಬ ಹೆಸರಿನಲ್ಲಿ ಇದೇ ಬಗೆಯ ಟ್ರಿಗರ್ ಮಾರುತ್ತಿದ್ದ ಬಿಗ್ ಡ್ಯಾಡಿ ಎಂಟರ್‌ಪ್ರೈಸಸ್ ಮೇಲೆ ಫ್ಲಾರಿಡಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಡಿಸೆಂಬರ್‌ನಲ್ಲಿ ಮಧ್ಯಂತರ ತಡೆಯಾಜ್ಞೆ ಪಡೆಯಿತು. ಒಂದು ಕಡೆ ತನಗೇ ಮಾರಬೇಡವೆಂಬ ಪತ್ರ, ಇನ್ನೊಂದು ಕಡೆ ಎದುರಾಳಿ ಮಾರಬಾರದೆಂಬ ಆದೇಶ. ಆ ದಾವೆ 2022ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಆಲಮೋ-15 ಎಂಬ ಇನ್ನೊಂದು ಟ್ರಿಗರ್‌ನ ಮೇಲಿನ ಜಗಳ ಓಕ್ಲಹೋಮಾದ ನ್ಯಾಯಾಲಯಕ್ಕೆ ಹೋಯಿತು.

ಇನ್ನು ಮಷಿನ್ ಗನ್ ಪ್ರಶ್ನೆ. 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ವ್ಯಾಖ್ಯೆ ಟ್ರಿಗರ್‌ನ "ಒಂದೇ ಕ್ರಿಯೆಯಿಂದ" ಒಂದಕ್ಕಿಂತ ಹೆಚ್ಚು ಗುಂಡು ತಾನಾಗಿ ಹಾರುವುದನ್ನು ಮಷಿನ್ ಗನ್ ಎನ್ನುತ್ತದೆ. ಆ ಕ್ರಿಯೆ ಬೆರಳಿನದೋ ಟ್ರಿಗರ್‌ನದೋ ಎಂಬುದೇ ವಾದ. 2023ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪೂರ್ವ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶೆ ನೀನಾ ಮಾರಿಸನ್ ಸರ್ಕಾರದ ಪರವಾಗಿ ತಡೆಯಾಜ್ಞೆ ಕೊಟ್ಟರು. 2024ರ ಜೂನ್ 14ರಂದು ಸುಪ್ರೀಂ ಕೋರ್ಟ್ ಗಾರ್ಲಂಡ್ ವಿರುದ್ಧ ಕಾರ್ಗಿಲ್ ಪ್ರಕರಣದಲ್ಲಿ, ಆರಕ್ಕೆ ಮೂರು ಮತಗಳಿಂದ, ಬಂದೂಕಿನ ಹಿಂದೊದೆತವನ್ನೇ ಬಳಸಿ ವೇಗವಾಗಿ ಗುಂಡು ಹಾರಿಸುವ ಬಂಪ್ ಸ್ಟಾಕ್ ಎಂಬ ಬೇರೊಂದು ಸಾಧನ ಮಷಿನ್ ಗನ್ ಅಲ್ಲವೆಂದು ತೀರ್ಪಿತ್ತಿತು. ಪ್ರತಿ ಗುಂಡಿಗೂ ಟ್ರಿಗರ್ ಮರಳಿ ಸಿದ್ಧವಾಗಲೇಬೇಕು ಎಂಬುದು ಅದರ ತಿರುಳು. ಮರುತಿಂಗಳೇ ಟೆಕ್ಸಾಸ್‌ನ ಉತ್ತರ ಜಿಲ್ಲೆಯ ನ್ಯಾಯಾಧೀಶ ರೀಡ್ ಓಕಾನರ್ ಎಫ್‌ಆರ್‌ಟಿ-15ರ ಬಗ್ಗೆ ಎಟಿಎಫ್ ಮಾಡಿದ್ದ ವರ್ಗೀಕರಣವನ್ನು ರದ್ದು ಮಾಡಿದರು.

2025ರ ಮೇ 16ರಂದು ಅಮೆರಿಕದ ನ್ಯಾಯ ಇಲಾಖೆ ರೇರ್ ಬ್ರೀಡ್ ಜೊತೆ ರಾಜಿ ಮಾಡಿಕೊಂಡಿತು. ಆ ರಾಜಿಯ ಷರತ್ತುಗಳನ್ನು ಗಮನವಿಟ್ಟು ಓದಿ. ಸಂಸ್ಥೆ ಪಿಸ್ತೂಲುಗಳಿಗೆ ಇಂಥ ಟ್ರಿಗರ್ ವಿನ್ಯಾಸ ಮಾಡಬಾರದು. ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ತರಬಹುದಾದ ಉಲ್ಲಂಘನೆಗಳನ್ನು ತಡೆಯಲು ತನ್ನ ಪೇಟೆಂಟ್‌ಗಳನ್ನು ಜಾರಿಗೊಳಿಸಬೇಕು. ಅಂದರೆ ಯಾರು ಇಂಥ ಟ್ರಿಗರ್ ಮಾಡಬಾರದೆಂದು ನೋಡಿಕೊಳ್ಳುವ ಹೊಣೆಯ ಒಂದು ಭಾಗ ಖಾಸಗಿ ಪೇಟೆಂಟ್‌ದಾರನ ಹೆಗಲೇರಿತು. ಪೇಟೆಂಟ್‌ದಾರ ನೋಡುವುದು ತನ್ನ ಮಾರುಕಟ್ಟೆಯನ್ನು. ಎದುರಾಳಿ ರಾಯಲ್ಟಿ ಕೊಡಲು ಒಪ್ಪಿದರೆ ಅವನು ಪರವಾನಗಿ ಕೊಟ್ಟು ಸುಮ್ಮನಾಗಬಹುದು, ಪೇಟೆಂಟ್ ಅವಧಿ ಮುಗಿದ ದಿನ ಅವನಿಗೆ ತಡೆಯುವ ಅಧಿಕಾರವೇ ಇರುವುದಿಲ್ಲ. ಸುರಕ್ಷತೆಯ ಕೆಲಸಕ್ಕೆ ಇದು ತಕ್ಕ ಸಾಧನವೆಂದು ನನಗೆ ಅನ್ನಿಸುವುದಿಲ್ಲ. ನೀವು ಪ್ರಬಂಧ ಬರೆಯುವುದಾದರೆ ಈ ಷರತ್ತಿನ ಮೇಲೆಯೇ ಬರೆಯಿರಿ.

ಶಶಿಕಲಾ, ಮೈಸೂರು:
ತುಂಬಾ ಧನ್ಯವಾದಗಳು ಮೇಡಂ. ಹಾಗಾದರೆ ಈಗ ಅದು ಎಲ್ಲ ರಾಜ್ಯಗಳಲ್ಲೂ ಕಾನೂನುಬದ್ಧವೇ?

ವಿಜಯಲಕ್ಷ್ಮಿ:
ಇಲ್ಲ. ಅದು ಫೆಡರಲ್ ಸರ್ಕಾರದ ನಿಲುವು ಮಾತ್ರ. ಹಲವು ರಾಜ್ಯಗಳಲ್ಲಿ ರಾಜ್ಯದ ಕಾನೂನೇ ಇದನ್ನು ನಿಷೇಧಿಸುತ್ತದೆ. ಆ ರಾಜಿಯ ವಿರುದ್ಧ ಕೆಲವು ರಾಜ್ಯಗಳು ನ್ಯಾಯಾಲಯಕ್ಕೂ ಹೋಗಿವೆ.

ಅನಂತ, ಶಿವಮೊಗ್ಗ:
ನನ್ನ ಆಕ್ಷೇಪ ಮೂಲಭೂತವಾದದ್ದು. ಸೂಪರ್ ಸೇಫ್ಟಿ ಎಂಬ ಇದೇ ಬಗೆಯ ಸಾಧನದ ಕಡತಗಳನ್ನು ಅದರ ವಿನ್ಯಾಸಕಾರರು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಮುಕ್ತವಾಗಿ ಕೊಟ್ಟ ಜ್ಞಾನವನ್ನು ಬಳಸಿದವರ ಮೇಲೆ ದಾವೆ ಹೂಡುವುದು ಅನ್ಯಾಯ. ಮನೆಯಲ್ಲಿ ತ್ರೀಡಿ ಪ್ರಿಂಟರಿನಿಂದ ಸ್ವಂತಕ್ಕೆ ಮಾಡಿಕೊಂಡರೆ ಅದು ಉಲ್ಲಂಘನೆ ಹೇಗಾದೀತು?

ವಿಜಯಲಕ್ಷ್ಮಿ:
ಮುಕ್ತವಾಗಿ ಕೊಟ್ಟವರು ತಮಗೆ ಇರುವ ಹಕ್ಕನ್ನಷ್ಟೇ ಬಿಟ್ಟುಕೊಡಬಲ್ಲರು. ಬೇರೆಯವರ ಪೇಟೆಂಟ್ ಹಕ್ಕನ್ನು ಅವರು ಬಿಟ್ಟುಕೊಡಲಾರರು. ಅಮೆರಿಕದ ಪೇಟೆಂಟ್ ಕಾಯ್ದೆಯ 271ನೆಯ ಸೆಕ್ಷನ್ ತಯಾರಿಸುವುದನ್ನು, ಬಳಸುವುದನ್ನು, ಮಾರುವುದನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಮನೆಯಲ್ಲಿ ಒಂದೇ ಒಂದು ಮಾಡಿದರೂ ತಯಾರಿಕೆಯೇ. ಒಬ್ಬ ಗೃಹಸ್ಥನ ಮೇಲೆ ದಾವೆ ಹೂಡುವುದು ಲಾಭದಾಯಕವಲ್ಲದ ಕಾರಣ ಸಾಮಾನ್ಯವಾಗಿ ಹೂಡುವುದಿಲ್ಲ, ಅಷ್ಟೇ. ಸೂಪರ್ ಸೇಫ್ಟಿಯಲ್ಲಿ ಟ್ರಿಗರನ್ನು ತಳ್ಳುವುದು ಹ್ಯಾಮರ್ ಅಲ್ಲ, ಬೋಲ್ಟ್ ಕ್ಯಾರಿಯರ್ ತಿರುಗಿಸುವ ಒಂದು ಕ್ಯಾಮ್, ಅಂದರೆ ತಿರುಗುತ್ತಾ ಇನ್ನೊಂದು ಭಾಗವನ್ನು ತಳ್ಳುವ ತುಂಡು. ಅದಕ್ಕೆ ನಾನು ಮೇಲೆ ಹೇಳಿದ ನಾಲ್ಕನೆಯ ಕ್ಲೇಮ್ ಅನ್ವಯಿಸುವುದೇ ಎಂಬುದು ನಿಜವಾದ ಪ್ರಶ್ನೆ. ಎಬಿಸಿ ಐಪಿ ಬಳಿ ನಂತರ ಬಂದ ಬೇರೆ ಪೇಟೆಂಟ್‌ಗಳೂ ಇವೆ; 2025ರಿಂದ ಹೂಡಿದ ದಾವೆಗಳಲ್ಲಿ ಅವುಗಳನ್ನೂ ಸೇರಿಸಿದ್ದಾರೆ.

ಗುರುಪ್ರಸಾದ್, ಡಲ್ಲಾಸ್:
ಅನಂತ ಅವರೇ, ಯಾರದೋ ಶ್ರಮವನ್ನು ನಕಲು ಮಾಡುವುದಕ್ಕೆ ಮುಕ್ತ ಜ್ಞಾನ ಎಂಬ ಹೆಸರು ಕೊಡಬೇಡಿ. ಪೇಟೆಂಟ್ ಪಡೆಯಲು ಸಂಶೋಧಕರು ಹಣ, ಸಮಯ ಸುರಿದಿದ್ದಾರೆ.

ಅನಂತ, ಶಿವಮೊಗ್ಗ:
ಗುರುಪ್ರಸಾದ್ ಅವರೇ, ಜನರನ್ನು ಇನ್ನಷ್ಟು ವೇಗವಾಗಿ ಕೊಲ್ಲಬಲ್ಲ ಸಾಧನಕ್ಕೆ ಶ್ರಮ ಎಂಬ ಗೌರವದ ಮಾತನ್ನು ಬಳಸುವುದೇ ನನಗೆ ಸರಿ ಕಾಣುವುದಿಲ್ಲ. ಅಂಥದ್ದಕ್ಕೆ ಪೇಟೆಂಟನ್ನೇ ಕೊಡಬಾರದಿತ್ತು.

ಗುರುಪ್ರಸಾದ್, ಡಲ್ಲಾಸ್:
ಒಂದು ಉತ್ತರದಲ್ಲಿ ಎಲ್ಲರಿಗೂ ಮುಕ್ತವಾಗಿರಬೇಕು ಎನ್ನುತ್ತೀರಿ, ಮುಂದಿನ ಉತ್ತರದಲ್ಲಿ ಇದು ಕೊಲ್ಲುವ ಸಾಧನ ಎನ್ನುತ್ತೀರಿ. ಯಾವುದಾದರೂ ಒಂದು ನಿಲುವಿಗೆ ಬನ್ನಿ. ಇಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು. ಅದನ್ನು ಶಿವಮೊಗ್ಗದಲ್ಲಿ ಕುಳಿತು ಅಳೆಯಲಾಗದು.

ಅನಂತ, ಶಿವಮೊಗ್ಗ:
ನಾನು ಎಲ್ಲಿ ಕುಳಿತಿದ್ದೇನೆ ಎಂಬುದು ವಾದವಲ್ಲ. ಡಲ್ಲಾಸ್‌ನಲ್ಲಿ ಕುಳಿತವರಿಗೆ ಹೆಚ್ಚು ತಿಳಿದಿರುತ್ತದೆ ಎಂಬ ಅಹಂಕಾರವನ್ನು ಈ ಗುಂಪಿನಲ್ಲಿ ಮೊದಲ ಸಲ ನೋಡುತ್ತಿಲ್ಲ.

ನಿರ್ವಾಹಕರು:
ಇಬ್ಬರಲ್ಲೂ ವಿನಂತಿ, ಪೇಟೆಂಟ್‌ಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಕೇಳಿ.

ರೇಣುಕಾ, ತುಮಕೂರು:
ಅಮೆರಿಕದಲ್ಲಿ ಇಂಥ ಒಂದು ಪೇಟೆಂಟ್ ದಾವೆ ನಡೆಸಲು ಎರಡೂ ಕಡೆಯವರಿಗೆ ಒಟ್ಟು ಎಷ್ಟು ಖರ್ಚು ಬರುತ್ತದೆ ಮೇಡಂ?

ಮಂಜುನಾಥ, ಪೀಣ್ಯ:
ಮೇಡಂ, ನಾನು ಇಲ್ಲಿನ ಒಂದು ಡಿಸೈನ್ ಕಚೇರಿಯಲ್ಲಿ ಕೆಲಸ ಮಾಡುತ್ತಾ ಸಂಜೆಯ ಹೊತ್ತು ಆನ್‌ಲೈನ್‌ನಲ್ಲಿ ಬಿಡಿ ಕೆಲಸ ತೆಗೆದುಕೊಳ್ಳುತ್ತೇನೆ. ಅಮೆರಿಕದ ಒಬ್ಬ ಗ್ರಾಹಕರು ಒಂದು ಸ್ಟೆಪ್ ಫೈಲ್ (ಮೂರು ಆಯಾಮದ ವಿನ್ಯಾಸದ ಕಡತ) ಕಳುಹಿಸಿದ್ದಾರೆ. ಒಂದು ಲಿವರ್ ಮತ್ತು ಒಂದು ಕ್ಯಾಮ್ ಇದೆ, ಫೈಲಿನ ಹೆಸರಿನಲ್ಲಿ ಬಂದೂಕಿನ ಮಾತೇ ಇಲ್ಲ. "ಪೇಟೆಂಟ್‌ಗೆ ಸಿಕ್ಕದ ಹಾಗೆ ಸ್ವಲ್ಪ ಬದಲಾಯಿಸಿ, ನಂತರ ಸಿಎನ್‌ಸಿಯಲ್ಲಿ ಕೆಲವು ಮಾದರಿ ಮಾಡಿಸಿ ಕಳುಹಿಸಿ" ಎಂದು ಬರೆದಿದ್ದಾರೆ (ಸಿಎನ್‌ಸಿ ಎಂದರೆ ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಯಂತ್ರ). ಈ ಚರ್ಚೆ ಓದುವಾಗ ಆ ಆಕಾರವನ್ನೇ ನೋಡಿದ್ದೇನೆ ಎನ್ನಿಸಿತು. ಮುಂಗಡ ಹಣ ಬಂದಿದೆ, ಲಿವರಿನ ಡ್ರಾಯಿಂಗ್ ಅರ್ಧ ಮುಗಿದಿದೆ. ಭಾರತದಲ್ಲಿ ಅಮೆರಿಕದ ಪೇಟೆಂಟ್ ನಡೆಯುವುದಿಲ್ಲವಲ್ಲ, ಹಾಗಾಗಿ ನನಗೆ ತೊಂದರೆ ಇಲ್ಲವೆಂದು ಭಾವಿಸಬಹುದೇ?

ವಿಜಯಲಕ್ಷ್ಮಿ:
ಮಂಜುನಾಥ ಅವರೇ, ಕೆಲಸವನ್ನು ಈಗಲೇ ನಿಲ್ಲಿಸಿ. ಉಳಿದದ್ದನ್ನು ನಿಲ್ಲಿಸಿದ ಮೇಲೆ ಓದಿ.

ಅಮೆರಿಕದ ಪೇಟೆಂಟ್‌ಗೆ ಭಾರತದಲ್ಲಿ ಬಲವಿಲ್ಲ ಎಂಬುದು ನಿಜ, ಆದರೆ ನಿಮ್ಮನ್ನು ಕಾಪಾಡಲು ಆ ನಿಜ ಸಾಲದು. ಮಾದರಿಗಳನ್ನು ಅಮೆರಿಕಕ್ಕೆ ಕಳುಹಿಸಿದರೆ ಅಲ್ಲಿ ಆಮದಾಗುತ್ತದೆ, ಆಮದು ಕೂಡ ಉಲ್ಲಂಘನೆ. ಪೇಟೆಂಟ್ ಇದೆ ಎಂದು ತಿಳಿದೂ ಅಲ್ಲಿನವರ ಉಲ್ಲಂಘನೆಗೆ ನೀವು ಪ್ರೇರಣೆ ಕೊಟ್ಟರೆ, ನೀವು ಯಾವ ದೇಶದಲ್ಲಿ ಕುಳಿತಿದ್ದೀರಿ ಎಂಬುದು ರಕ್ಷಣೆಯಾಗುವುದಿಲ್ಲ. ನಮ್ಮದೇ ದೇಶದ ಸಿಪ್ಲಾ ಸಂಸ್ಥೆಯ ಉದಾಹರಣೆ ಇದೆ. ಸಾಕುಪ್ರಾಣಿಗಳ ಚಿಗಟ ನಿವಾರಕ ಔಷಧದ ಪೇಟೆಂಟ್ ವಿಷಯದಲ್ಲಿ ಮೆರಿಯಲ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ, ಭಾರತದಲ್ಲಿ ನಡೆದ ಕೆಲಸಕ್ಕಾಗಿ ಸಿಪ್ಲಾ ಪ್ರೇರಣೆಯ ಹೊಣೆ ಹೊರಬೇಕಾಯಿತು. 2012ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ದೊಡ್ಡ ಔಷಧ ಕಂಪನಿಗೆ ವಕೀಲರ ಪಡೆಯಿರುತ್ತದೆ, ನಿಮಗೆ ಇರುವುದಿಲ್ಲ. ನಿಮ್ಮ ಗ್ರಾಹಕರ ಆ ಸಾಲು, "ಪೇಟೆಂಟ್‌ಗೆ ಸಿಕ್ಕದ ಹಾಗೆ" ಎಂಬುದು, ನಿಮಗೆ ಪೇಟೆಂಟಿನ ಅರಿವಿತ್ತು ಎಂಬುದಕ್ಕೆ ಬರಹದಲ್ಲಿರುವ ಸಾಕ್ಷಿ. ಅರಿತೂ ಮಾಡಿದ ಉಲ್ಲಂಘನೆ ಎಂದಾದರೆ ಅಲ್ಲಿನ ನ್ಯಾಯಾಲಯ ಪರಿಹಾರವನ್ನು ಮೂರು ಪಟ್ಟಿನವರೆಗೆ ಏರಿಸಬಹುದು.

ಪೇಟೆಂಟ್ ಸುತ್ತ ಹೋಗುವ ವಿನ್ಯಾಸ ಮಾಡುವುದು ಅಪರಾಧವಲ್ಲ, ನ್ಯಾಯವಾದ ಕೆಲಸವೇ. ಆದರೆ ಅದನ್ನು ಮಾಡುವ ರೀತಿ ಇದಲ್ಲ. ನಾವು ಕ್ಲೇಮ್ ಚಾರ್ಟ್ ಹಾಕುವಾಗ ಎಡಗಡೆಯ ಅಂಕಣದಲ್ಲಿ ಕ್ಲೇಮ್‌ನ ಪದಗಳನ್ನು ತುಂಡುತುಂಡಾಗಿ ಬರೆಯುತ್ತೇವೆ, ಬಲಗಡೆಯ ಅಂಕಣದಲ್ಲಿ ಆ ಭಾಗದ ಬಿಡಿಸಿದ ಚಿತ್ರ ಇಡುತ್ತೇವೆ. ಉಲ್ಲಂಘನೆಯಾಗದಿರಲು ಬಲಗಡೆ ಒಂದು ಖಾನೆಯಾದರೂ ಖಾಲಿ ಉಳಿಯಬೇಕು. ಹಾಗೆ ಖಾಲಿ ಉಳಿದ ಅಂಶದ ಬಗ್ಗೆ ಅರ್ಜಿ ಪರಿಶೀಲನೆಯ ಕಾಲದಲ್ಲಿ ಅರ್ಜಿದಾರರು ಏನು ಬರೆದುಕೊಟ್ಟಿದ್ದರು ಎಂದು ಕಡತ ತೆಗೆದು ಓದಬೇಕು. ಒಂದು ಪೇಟೆಂಟ್‌ಗೆ ಮಾತ್ರವಲ್ಲ, ಅದೇ ಮೂಲ ಅರ್ಜಿಯಿಂದ ಬೆಳೆದ ಪೇಟೆಂಟ್ ಕುಟುಂಬದ ಪ್ರತಿಯೊಂದು ಪೇಟೆಂಟ್‌ಗೂ ಇದನ್ನು ಮಾಡಬೇಕು. ಲಿವರಿನ ಮೂಲೆಯನ್ನು ಉರುಟು ಮಾಡಿ, ಎರಡು ರಂಧ್ರ ಸರಿಸಿ ಬದಲಾಯಿಸಿದೆ ಎನ್ನುವುದು ಇದಕ್ಕೆ ಸಮನಲ್ಲ.

ನನಗೆ ಭಯ ಹುಟ್ಟಿಸುವುದು ಪೇಟೆಂಟ್ ಅಲ್ಲ, ನಮ್ಮ ನೆಲದ ಕಾನೂನು. 1959ರ ಶಸ್ತ್ರ ಕಾಯ್ದೆಯಲ್ಲಿ ಶಸ್ತ್ರ ಎಂಬುದರೊಳಗೆ ಶಸ್ತ್ರದ ಭಾಗಗಳೂ ಸೇರಿವೆ. ಪರವಾನಗಿಯಿಲ್ಲದೆ ತಯಾರಿಸುವಂತಿಲ್ಲ. ಅದರಲ್ಲೂ ನಿಷೇಧಿತ ಶಸ್ತ್ರದ ವ್ಯಾಖ್ಯೆಯನ್ನು ನೋಡಿ: ಟ್ರಿಗರ್ ಮೇಲೆ ಒತ್ತಡ ಹಾಕಿದರೆ ಆ ಒತ್ತಡ ತೆಗೆಯುವವರೆಗೆ ಅಥವಾ ಮ್ಯಾಗಜೀನ್ ಖಾಲಿಯಾಗುವವರೆಗೆ ಗುಂಡುಗಳು ಹಾರುತ್ತಲೇ ಇರುವಂತೆ ರೂಪಿಸಿದ ಬಂದೂಕು. ಅಮೆರಿಕದ ವ್ಯಾಖ್ಯೆ ಟ್ರಿಗರ್‌ನ ಕ್ರಿಯೆಯನ್ನು ನೋಡುತ್ತದೆ, ನಮ್ಮದು ಬೆರಳಿನ ಒತ್ತಡವನ್ನು ನೋಡುತ್ತದೆ. ಟ್ರಿಗರ್ ಪ್ರತಿ ಸಲ ಮರಳುತ್ತದೆ ಎಂಬ ಯಾವ ವಾದ ಅಲ್ಲಿ ಗೆದ್ದಿತೋ ಅದೇ ವಾದ ಇಲ್ಲಿ ನಿಲ್ಲುವುದು ಬಹಳ ಕಷ್ಟ. 2019ರ ತಿದ್ದುಪಡಿಯ ನಂತರ ಶಿಕ್ಷೆ ಇನ್ನಷ್ಟು ಕಠಿಣವಾಗಿದೆ, ದೀರ್ಘಕಾಲದ ಸೆರೆವಾಸ. ನೀವು ಮಾದರಿ ಮಾಡಿಸಲು ಕೊಟ್ಟ ಸಿಎನ್‌ಸಿ ಕಾರ್ಖಾನೆಯ ಮಾಲೀಕರೂ ಅದರೊಳಗೆ ಬರುತ್ತಾರೆ, ಅದು ಏನೆಂದು ಅವರಿಗೆ ತಿಳಿದೂ ಇರುವುದಿಲ್ಲ.

ರಫ್ತಿನ ವಿಷಯವೂ ಇದೆ. ರಫ್ತಿಗೆ ಸರ್ಕಾರದ ಅನುಮತಿ ಬೇಕಾದ ಸೂಕ್ಷ್ಮ ವಸ್ತುಗಳನ್ನು ಹೆಸರಿಸುವ ಭಾರತದ ಸ್ಕೊಮೆಟ್ ಪಟ್ಟಿಯ ಆರನೆಯ ವರ್ಗ ಯುದ್ಧಸಾಮಗ್ರಿಯದು. ಅದರಲ್ಲಿ ವಸ್ತುಗಳಷ್ಟೇ ಅಲ್ಲ, ತಂತ್ರಜ್ಞಾನವೂ ಸೇರುತ್ತದೆ. ಇಮೇಲ್‌ನಲ್ಲಿ ಡ್ರಾಯಿಂಗ್ ಕಳುಹಿಸುವುದೂ ರಫ್ತು ಆಗಬಹುದು. ನಿಮ್ಮ ಗ್ರಾಹಕರು ಅಲ್ಲಿಂದ ನಿಮಗೆ ಫೈಲ್ ಕಳುಹಿಸಿದ್ದು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಡುವ ಸಾಧ್ಯತೆಯೂ ಇದೆ. ಫೈಲಿಗೆ ಅವರು ಬೇರೆ ಹೆಸರಿಟ್ಟದ್ದು ನನಗೆ ಒಂದಿಷ್ಟೂ ಒಳ್ಳೆಯ ಲಕ್ಷಣವಾಗಿ ಕಾಣುತ್ತಿಲ್ಲ. ನಾಳೆಯೇ ಬೆಂಗಳೂರಿನ ಒಬ್ಬ ಕ್ರಿಮಿನಲ್ ವಕೀಲರನ್ನು ಖುದ್ದಾಗಿ ಭೇಟಿಯಾಗಿ. ಇಲ್ಲಿ ಇನ್ನು ವಿವರ ಬರೆಯಬೇಡಿ, ಫೈಲನ್ನು ಯಾರಿಗೂ ತೋರಿಸಬೇಡಿ.

ನಾಗರಾಜ್, ಹುಬ್ಬಳ್ಳಿ:
ಅವರು ಹೆದರಿಕೊಳ್ಳುವುದು ಬೇಡ. ಡ್ರಾಯಿಂಗನ್ನು ತಮ್ಮದೇ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಲಕೋಟೆ ಒಡೆಯದೆ ಇಟ್ಟುಕೊಂಡರೆ ಅದೇ ಪೇಟೆಂಟ್ ಆಗುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ.

ವಿಜಯಲಕ್ಷ್ಮಿ:
ನಾಗರಾಜ್ ಅವರೇ, ಒಬ್ಬ ಯುವಕ ಸೆರೆವಾಸದ ಅಂಚಿನಲ್ಲಿ ನಿಂತು ಪ್ರಶ್ನೆ ಕೇಳಿರುವಾಗ ಇಂಥ ವಿಡಿಯೊಗಳನ್ನು ಇಲ್ಲಿಗೆ ತರಬೇಡಿ. ಲಕೋಟೆಯಿಂದ ಯಾವ ದೇಶದಲ್ಲೂ ಪೇಟೆಂಟ್ ಬರುವುದಿಲ್ಲ. ಬಂದರೂ ಅದು ಬೇರೆಯವರ ಪೇಟೆಂಟ್ ಉಲ್ಲಂಘನೆಗೆ ಉತ್ತರವಲ್ಲ. ಬಂದೂಕಿನ ಭಾಗದ ಡ್ರಾಯಿಂಗನ್ನು ಅಂಚೆಗೆ ಹಾಕಿ ಎಂದು ಹೇಳುವುದರ ಅಪಾಯ ನಿಮಗೆ ಅರ್ಥವಾಗಿಲ್ಲ.

ನಾಗರಾಜ್, ಹುಬ್ಬಳ್ಳಿ:
ಸಹಾಯವಾಗಲಿ ಎಂದು ಹೇಳಿದೆ. ಎಲ್ಲರ ಮುಂದೆ ಹೀಗೆ ಮಾತನಾಡುವ ಅಗತ್ಯವಿರಲಿಲ್ಲ.

ಗುರುಪ್ರಸಾದ್, ಡಲ್ಲಾಸ್:
ಅಗತ್ಯವಿತ್ತು. ನಿಮ್ಮ ಸಲಹೆಯಿಂದ ಅವರ ಬದುಕು ಹಾಳಾಗಬಹುದು.

ಅನಂತ, ಶಿವಮೊಗ್ಗ:
ಈ ಒಂದು ಮಾತಿನಲ್ಲಿ ಗುರುಪ್ರಸಾದ್ ಅವರ ಜೊತೆಗಿದ್ದೇನೆ. ಆದರೆ ಮೇಡಂ, ನನ್ನ ಪ್ರಶ್ನೆ ಉಳಿದಿದೆ. ಪೇಟೆಂಟ್ ದೊಡ್ಡವರ ಕೈಯಲ್ಲಿದ್ದರೆ ಸಣ್ಣವರು ಸೋಲಲೇಬೇಕೇ? ಪೇಟೆಂಟ್ ಕಚೇರಿ ತಪ್ಪು ಮಾಡುವುದಿಲ್ಲವೇ?

ವಿಜಯಲಕ್ಷ್ಮಿ:
ಮಾಡುತ್ತದೆ, ತಿದ್ದಿಕೊಳ್ಳುವ ದಾರಿಯೂ ಇದೆ. ಟ್ರಿಗರ್ ಕ್ಷೇತ್ರದಲ್ಲಿಯೇ ಒಂದು ಉದಾಹರಣೆ: ಕನೆಕ್ಟಿಕಟ್‌ನ ಮಾಸ್‌ಬರ್ಗ್, ಒಂದೇ ಪೆಟ್ಟಿಗೆಯಂತೆ ಬಂದೂಕಿನೊಳಗೆ ಕೂರಿಸುವ ಟ್ರಿಗರ್ ಘಟಕದ 7,293,385 ಸಂಖ್ಯೆಯ ಪೇಟೆಂಟ್ ಆಧಾರದ ಮೇಲೆ ಟಿಮ್ನಿ ಟ್ರಿಗರ್ಸ್ ವಿರುದ್ಧ 2012ರಲ್ಲಿ ದಾವೆ ಹೂಡಿತು. ಟಿಮ್ನಿ ಪೇಟೆಂಟ್ ಕಚೇರಿಯಲ್ಲಿ ಮರುಪರಿಶೀಲನೆ ಕೇಳಿತು, ದಾವೆ ವರ್ಷಗಟ್ಟಲೆ ನಿಂತಿತು, ಕೊನೆಗೆ ಕ್ಲೇಮ್‌ಗಳು ತಿರಸ್ಕೃತವಾದವು. ಮಾಸ್‌ಬರ್ಗ್ ತಾನಾಗಿಯೇ ದಾವೆಯನ್ನು ಹಿಂತೆಗೆದುಕೊಂಡಿತು. ತನ್ನ ವಕೀಲರ ಶುಲ್ಕ ಕೊಡಿಸಿ ಎಂದು ಟಿಮ್ನಿ ಕೇಳಿದಾಗ, ನ್ಯಾಯಾಲಯ ತೀರ್ಪು ಕೊಟ್ಟು ಗೆದ್ದದ್ದಲ್ಲವಾದ್ದರಿಂದ ಅದು ಗೆದ್ದ ಪಕ್ಷವೇ ಅಲ್ಲ ಎಂದು 2020ರಲ್ಲಿ ಫೆಡರಲ್ ಸರ್ಕ್ಯೂಟ್ ಹೇಳಿತು. ಸರಿಯಿದ್ದವರು ಉಳಿದುಕೊಂಡರು, ಆದರೆ ಖರ್ಚು ಅವರ ಮೇಲೆಯೇ ಬಿತ್ತು. ನಿಮ್ಮ ಅಸಮಾಧಾನಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ.

ಬೋಪಣ್ಣ, ಮಡಿಕೇರಿ:
ಕೊಡಗಿನಲ್ಲಿ ನಮಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಹಾಗಿದ್ದರೆ ನಮ್ಮವರು ಇಂಥ ಟ್ರಿಗರ್ ಹಾಕಿಸಿಕೊಳ್ಳಬಹುದೇ ಎಂದು ಒಬ್ಬರು ಕೇಳುತ್ತಿದ್ದಾರೆ.

ವಿಜಯಲಕ್ಷ್ಮಿ:
ಹಾಕಿಸಿಕೊಳ್ಳುವಂತಿಲ್ಲ. ಆ ವಿನಾಯಿತಿ ನಿಷೇಧಿತ ಶಸ್ತ್ರಗಳಿಗೆ ಅನ್ವಯಿಸುವುದಿಲ್ಲ.

ರೇಣುಕಾ, ತುಮಕೂರು:
ಮೇಡಂ, ದಾವೆಯ ಖರ್ಚಿನ ಬಗ್ಗೆ ಕೇಳಿದ್ದೆ.

ಪ್ರಕಾಶ್, ದಾವಣಗೆರೆ:
ತಡವಾಗಿ ಬಂದೆ. ವಿನ್ಯಾಸವನ್ನು ಶೇಕಡಾ 30ರಷ್ಟು ಬದಲಾಯಿಸಿದರೆ ಸಾಕು ಎನ್ನುತ್ತಾರಲ್ಲ, ನಿಜವೇ?

ವಿಜಯಲಕ್ಷ್ಮಿ:
ಸುಳ್ಳು. ಮೇಲೆ ಓದಿ.

ಗುರುಪ್ರಸಾದ್, ಡಲ್ಲಾಸ್:
ಆದರೂ ಅನಂತ ಅವರು ಆಗ ಅಹಂಕಾರ ಎಂದ ಮಾತನ್ನು ಹಿಂತೆಗೆದುಕೊಂಡರೆ ಚೆನ್ನಾಗಿತ್ತು.

ಅನಂತ, ಶಿವಮೊಗ್ಗ:
ನೀವು ಊರಿನ ಮಾತನ್ನು ಹಿಂತೆಗೆದುಕೊಳ್ಳಿ, ಆಮೇಲೆ ನೋಡೋಣ.

ನಿರ್ವಾಹಕರು:
ಇಬ್ಬರ ಮುಂದಿನ ಸಂದೇಶಗಳನ್ನು ಅಳಿಸಲಾಗುವುದು.

ಪ್ರಕಾಶ್, ದಾವಣಗೆರೆ:
ಶೇಕಡಾ 30 ಸಾಲದಿದ್ದರೆ ಶೇಕಡಾ 50 ಬದಲಾಯಿಸಿದರೆ?

ಮಂಜುನಾಥ, ಪೀಣ್ಯ:
ಮೇಡಂ, ಕೆಲಸ ನಿಲ್ಲಿಸಿದ್ದೇನೆ. ನಾಳೆ ಬೆಳಿಗ್ಗೆ ವಕೀಲರನ್ನು ಕಾಣಲು ಸಮಯ ನಿಗದಿಯಾಗಿದೆ. ಎಲ್ಲ ಫೈಲುಗಳನ್ನೂ ಇಮೇಲ್‌ಗಳನ್ನೂ ಇಂದೇ ಅಳಿಸಿ, ಮುಂಗಡವನ್ನು ಹಿಂದಿರುಗಿಸಿ ಮುಗಿಸಿಬಿಡಲೇ?

ವಿಜಯಲಕ್ಷ್ಮಿ:
ಏನನ್ನೂ ಅಳಿಸಬೇಡಿ. ಅಳಿಸಿದರೆ ಸಾಕ್ಷ್ಯ ನಾಶ ಮಾಡಿದಿರಿ ಎಂಬ ಇನ್ನೊಂದು ಆರೋಪ ಸೇರಿಕೊಳ್ಳುತ್ತದೆ, ಮತ್ತು ನೀವು ಕೇಳಿದ ತಕ್ಷಣ ನಿಲ್ಲಿಸಿದಿರಿ ಎಂಬುದಕ್ಕೆ ಇರುವ ಆಧಾರವೂ ಹೋಗುತ್ತದೆ. ಡ್ರಾಯಿಂಗನ್ನು ತೆರೆಯದೆ ಹಾಗೆಯೇ ಬಿಡಿ, ಗ್ರಾಹಕರಿಗೆ ಅರ್ಧ ಮುಗಿದದ್ದನ್ನೂ ಕಳುಹಿಸಬೇಡಿ. ಹಣ ಹಿಂದಿರುಗಿಸುವುದನ್ನು, ಅವರಿಗೆ ಏನು ಬರೆಯಬೇಕೆಂಬುದನ್ನು ನಿಮ್ಮ ವಕೀಲರು ಹೇಳಿದ ಹಾಗೆ ಮಾಡಿ. ಸಿಎನ್‌ಸಿಯವರಿಗೆ ಡ್ರಾಯಿಂಗ್ ಈಗಾಗಲೇ ಹೋಗಿದ್ದರೆ ವಕೀಲರಿಗೆ ಮೊದಲು ಹೇಳಬೇಕಾದ ಸಂಗತಿ ಅದೇ. ಬಂದ ಇಮೇಲ್‌ಗಳನ್ನು ದಿನಾಂಕದ ಕ್ರಮದಲ್ಲಿ ಮುದ್ರಿಸಿಕೊಂಡು ಹೋಗಿ. ಭೇಟಿಯ ನಂತರ ನನಗೆ ಖಾಸಗಿಯಾಗಿ ಬರೆಯಿರಿ. ವಕೀಲರಿಗೆ ಬೇಕಾದರೆ ಕ್ಲೇಮ್‌ಗಳ ವಿವರಣೆಯನ್ನು ನಾನೇ ಕೊಡುತ್ತೇನೆ.